ಒಂದು ಒರೆ, ಎರಡು ಕತ್ತಿ

ಒಂದು ಒರೆಯಲ್ಲಿ ಎರಡು ಕತ್ತಿಗಳು ಹಿಡಿಯಲಾರವೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಎರಡೂ ಕತ್ತಿಗಳು ಹರಿತವಾಗಿದ್ದರೆ ಯಾವುದನ್ನು ಇರಿಸಿಕೊಳ್ಳಬೇಕು, ಯಾವುದನ್ನು ತೆಗೆದಿಡಬೇಕು? ಗಾದೆ ಅದನ್ನು ಹೇಳುವುದಿಲ್ಲ. 1971ರಲ್ಲಿ ಅಮೆರಿಕದ ಡಲ್ಲಾಸ್ ನಗರದ ‘ಕೌಬಾಯ್ಸ್’ ಫುಟ್‌ಬಾಲ್ ತಂಡದ ಮುಂದೆ ನಿಂತಿದ್ದುದು ಈ ಪ್ರಶ್ನೆಯೇ.

ಅಮೆರಿಕನ್ನರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಗಳ ನಡುವೆ ನುಗ್ಗಿ ಮುಂದೊಯ್ಯುವ ಆಟವದು. ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಯತ್ನದಲ್ಲಿಯೂ ಚೆಂಡು ಸಾಮಾನ್ಯವಾಗಿ ಮೊದಲು ಸೇರುವುದು ‘ಕ್ವಾರ್ಟರ್‌ಬ್ಯಾಕ್’ ಎಂಬಾತನ ಕೈಗೆ. ಎಸೆಯುವುದೋ, ಸಂಗಡಿಗನಿಗೆ ಕೊಡುವುದೋ, ತಾನೇ ಓಡುವುದೋ ಎಂಬುದನ್ನು ಎರಡು ಮೂರು ಕ್ಷಣಗಳಲ್ಲಿ ಆತ ನಿರ್ಧರಿಸಬೇಕು. ತಂಡವೊಂದು ರಥವಾದರೆ ಅವನೇ ಸಾರಥಿ.

ಡಲ್ಲಾಸ್ ರಥಕ್ಕೆ ಇಬ್ಬರು ಸಾರಥಿಗಳಿದ್ದರು. ರೋಜರ್ ಸ್ಟಾಬಾಕ್ ಹುಟ್ಟಿದ್ದು 1942ರ ಫೆಬ್ರವರಿ 5ರಂದು. ಕ್ರೇಗ್ ಮಾರ್ಟನ್ ಸರಿಯಾಗಿ ಒಂದು ವರ್ಷದ ಅನಂತರ, ಅದೇ ದಿನಾಂಕದಂದು. ಜನ್ಮದಿನ ಒಂದಾದರೂ ಅವರು ನಡೆದುಬಂದ ದಾರಿಗಳು ಬೇರೆ. ಮಾರ್ಟನ್ 1965ರಲ್ಲಿಯೇ ತಂಡವನ್ನು ಸೇರಿ, ಹಿರಿಯ ಆಟಗಾರನ ಹಿಂದೆ ನಾಲ್ಕು ವರ್ಷ ಕಾದು, ಸ್ಥಾನ ಗಳಿಸಿದವನು. ಸ್ಟಾಬಾಕ್ ನೌಕಾಪಡೆಯ ವಿದ್ಯಾಲಯದಲ್ಲಿದ್ದಾಗ, 1963ರಲ್ಲಿ, ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತ ಗೌರವವಾದ ‘ಹೈಸ್‌ಮನ್’ ಪಾರಿತೋಷಕವನ್ನು ಪಡೆದಿದ್ದನು. ಆದರೆ ನೌಕಾಪಡೆಯ ಋಣ ತೀರಿಸಿ, ವಿಯೆಟ್ನಾಮಿನಲ್ಲಿಯೂ ಸೇವೆ ಸಲ್ಲಿಸಿ, 1969ರಲ್ಲಿ ತಂಡಕ್ಕೆ ಬರುವ ವೇಳೆಗೆ ಅವನ ವಯಸ್ಸು ಇಪ್ಪತ್ತೇಳಾಗಿತ್ತು.

ಆಟದ ರೀತಿಯೂ ಬೇರೆ. ಮಾರ್ಟನ್ ನಿಂತ ಜಾಗದಿಂದಲೇ ಯೋಜನೆಯಂತೆ ಚೆಂಡನ್ನು ದೂರಕ್ಕೆ ಎಸೆಯಬಲ್ಲ ಬಲಿಷ್ಠ. ಸ್ಟಾಬಾಕ್ ಯೋಜನೆ ಮುರಿದುಬಿದ್ದೊಡನೆ ಚೆಂಡು ಹಿಡಿದು ತಾನೇ ಓಡುವ ಚಪಲ. ತಲೆಯ ಮೇಲೆ ಹ್ಯಾಟು ಧರಿಸಿ ಕಲ್ಲಿನ ಮುಖದಿಂದ ಆಟ ನೋಡುತ್ತಿದ್ದ ತರಬೇತುದಾರ ಟಾಮ್ ಲ್ಯಾಂಡ್ರಿಗೆ ಕ್ರಮವೇ ಪ್ರಾಣ. ಹೀಗೆ ಓಡುವುದು ಅವನಿಗೆ ಹಿಡಿಸದು. ಆದರೆ 1971ರ ಜನವರಿಯಲ್ಲಿ, ಅಲ್ಲಿನ ಮಹಾಪಂದ್ಯವಾದ ‘ಸೂಪರ್ ಬೌಲ್’ನಲ್ಲಿ, ಮಾರ್ಟನ್ ಎಸೆದ ಮೂರು ಚೆಂಡುಗಳು ಎದುರಾಳಿಗಳ ಕೈ ಸೇರಿ ಡಲ್ಲಾಸ್ 13–16ರಿಂದ ಸೋತಿತ್ತು. ಅನುಭವವನ್ನು ನಂಬಬೇಕೆಂದು ಕೆಲವರು, ಸೋಲಿನ ನೆನಪು ತೊಳೆಯಲು ಹೊಸಬನೇ ಬೇಕೆಂದು ಕೆಲವರು ವಾದಿಸಿದರು. ಎರಡು ವಾದಗಳಲ್ಲಿಯೂ ಹುರುಳಿತ್ತು.

ಲ್ಯಾಂಡ್ರಿ ಇಬ್ಬರನ್ನೂ ಇಟ್ಟುಕೊಂಡನು! ಒಮ್ಮೆ ಒಬ್ಬ, ಇನ್ನೊಮ್ಮೆ ಮತ್ತೊಬ್ಬ. ಅಕ್ಟೋಬರ್ 31ರಂದು ಚಿಕಾಗೋ ನಗರದಲ್ಲಿ ಇದು ಪರಾಕಾಷ್ಠೆಗೇರಿತು. ಒಂದು ಯತ್ನಕ್ಕೆ ಮಾರ್ಟನ್, ಮರುಯತ್ನಕ್ಕೆ ಸ್ಟಾಬಾಕ್. ಒಬ್ಬನು ಅಂಗಳಕ್ಕೆ ಓಡಿದರೆ ಇನ್ನೊಬ್ಬನು ಹೊರಕ್ಕೆ. ಲ್ಯಾಂಡ್ರಿಯ ಆಜ್ಞೆಯನ್ನು ಹೊತ್ತೊಯ್ಯುವ ದೂತರಂತೆ ಇಬ್ಬರೂ ಓಡಾಡಿದರು. ಡಲ್ಲಾಸ್ ಎದುರಾಳಿಗಿಂತ ಎಷ್ಟೋ ಹೆಚ್ಚು ಗಜಗಳನ್ನು ಗಳಿಸಿಯೂ 19–23ರಿಂದ ಸೋತಿತು.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಈ ಯತ್ನದಲ್ಲಿ ಎದುರಾಳಿ ಎತ್ತ ಸರಿದನೆಂಬುದನ್ನು ಕಂಡವನು ಮುಂದಿನ ಯತ್ನದಲ್ಲಿ ಅದರ ಲಾಭ ಪಡೆಯಬೇಕು. ಆದರೆ ಕಂಡವನು ಅಷ್ಟರಲ್ಲಿ ಹೊರಗೆ ನಿಂತಿರುತ್ತಾನೆ! ತಪ್ಪು ಮಾಡಿದವನಿಗೆ ತಿದ್ದಿಕೊಳ್ಳುವ ಅವಕಾಶವಿಲ್ಲ, ಉಳಿದ ಹತ್ತು ಮಂದಿಗೆ ಯಾರ ದನಿಗೆ ಕಿವಿಗೊಡಬೇಕೆಂಬ ನಿಶ್ಚಯವಿಲ್ಲ. ಇಬ್ಬರಿಗೂ ನ್ಯಾಯ ಒದಗಿಸಹೊರಟು ಲ್ಯಾಂಡ್ರಿ ಇಬ್ಬರಿಂದಲೂ ಭರವಸೆಯನ್ನು ಕಸಿದುಕೊಂಡಿದ್ದನು.

ಏಳು ಪಂದ್ಯಗಳಲ್ಲಿ ಮೂರು ಸೋತ ಮೇಲೆ ಅವನು ಮನಸ್ಸು ಗಟ್ಟಿಮಾಡಿ ಸ್ಟಾಬಾಕ್‌ನನ್ನು ಆರಿಸಿದನು. ತಂಡ ಆ ಋತುವಿನಲ್ಲಿ ಮತ್ತೆ ಸೋಲಲಿಲ್ಲ. ಸತತ ಹತ್ತನೆಯ ಗೆಲುವು 1972ರ ಜನವರಿ 16ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್‌ನದೇ: ಮಯಾಮಿಯ ವಿರುದ್ಧ 24–3. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ಸ್ಟಾಬಾಕ್‌ನಿಗೇ ಸಂದಿತು.

ಹಾಗಾದರೆ ಮಾರ್ಟನ್ ಅಸಮರ್ಥನೆ? ಹಾಗೆನ್ನುವುದು ಅನ್ಯಾಯ. ಎದುರಾಳಿಗೆ ಮೂರೇ ಅಂಕ ಬಿಟ್ಟುಕೊಟ್ಟ ರಕ್ಷಣಾಪಡೆಯನ್ನು ಮರೆತು ಗೆಲುವನ್ನೆಲ್ಲ ಒಬ್ಬನ ಲೆಕ್ಕಕ್ಕೆ ಬರೆಯಲಾಗದು. 1972ರಲ್ಲಿ ಸ್ಟಾಬಾಕ್ ಭುಜಕ್ಕೆ ಪೆಟ್ಟು ಮಾಡಿಕೊಂಡಾಗ ತಂಡವನ್ನು ಅಂತಿಮ ಸುತ್ತುಗಳಿಗೆ ತಲಪಿಸಿದವನು ಮಾರ್ಟನ್ನೇ. ಆದರೂ ಆ ಡಿಸೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ವಿರುದ್ಧ ತಂಡ ಹಿಂದೆ ಬಿದ್ದಾಗ, ಲ್ಯಾಂಡ್ರಿ ಅವನನ್ನು ಹೊರಗೆ ಕರೆದು ಸ್ಟಾಬಾಕ್‌ನನ್ನು ಕಳುಹಿಸಿದನು. ಕೊನೆಯ ಎರಡು ನಿಮಿಷಗಳಲ್ಲಿ ಆಟ ತಿರುಗಿ ಡಲ್ಲಾಸ್ 30–28ರಿಂದ ಗೆದ್ದಿತು.

1974ರಲ್ಲಿ ಮಾರ್ಟನ್ ನ್ಯೂಯಾರ್ಕಿನ ತಂಡಕ್ಕೆ ಹೋದನು. ಅಲ್ಲಿಂದ 1977ರಲ್ಲಿ ಡೆನ್ವರ್ ತಂಡವನ್ನು ಸೇರಿ, ಹಿಂದೆಂದೂ ಅಂತಿಮ ಸುತ್ತುಗಳನ್ನೇ ಕಾಣದಿದ್ದ ಆ ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದನು. ಎದುರಿಗೆ ನಿಂತವರು ಯಾರು? ಡಲ್ಲಾಸ್, ಲ್ಯಾಂಡ್ರಿ, ಸ್ಟಾಬಾಕ್! 1978ರ ಜನವರಿ 15ರ ಆ ಪಂದ್ಯವನ್ನು ಡಲ್ಲಾಸ್ 27–10ರಿಂದ ಗೆದ್ದಿತು. ಅಂದು ಶ್ರೇಷ್ಠ ಆಟಗಾರರೆನಿಸಿದ ಇಬ್ಬರು ರಕ್ಷಕರಲ್ಲೊಬ್ಬ ರ‍್ಯಾಂಡಿ ವೈಟ್. ಮಾರ್ಟನ್‌ನನ್ನು ಬಿಟ್ಟುಕೊಟ್ಟು ನ್ಯೂಯಾರ್ಕಿನಿಂದ ಪಡೆದ ಹಕ್ಕಿನ ಬಲದಿಂದಲೇ ಡಲ್ಲಾಸ್ ಅವನನ್ನು ಆರಿಸಿಕೊಂಡಿತ್ತು. ವಿಧಿ ಇಷ್ಟು ನಿಷ್ಕರುಣಿಯಾಗಬೇಕಿರಲಿಲ್ಲ.

ಆದರೂ ಎರಡು ಬೇರೆ ಬೇರೆ ತಂಡಗಳ ಸಾರಥಿಯಾಗಿ ಸೂಪರ್ ಬೌಲ್ ಆರಂಭಿಸಿದ ಮೊದಲಿಗನೆಂಬ ಹೆಸರು ಮಾರ್ಟನ್‌ನಿಗೇ ಉಳಿಯಿತು. ಒಬ್ಬನನ್ನು ಆರಿಸಲೇಬೇಕಾಗಿತ್ತು, ಲ್ಯಾಂಡ್ರಿ ತಡವಾಗಿಯಾದರೂ ಆರಿಸಿದನು. ಒರೆಯಿಂದ ತೆಗೆದಿಟ್ಟ ಕತ್ತಿಯೇನೂ ಮೊಂಡಾಗಿರಲಿಲ್ಲ.