ನಡುನೋವಿಗೆ ಯೋಗಾಸನದ ಊರುಗೋಲು

ಕೆಲಸಕ್ಕೆ ಮುಂದಾದವನು ಟೊಂಕ ಕಟ್ಟುತ್ತಾನೆ. ಕಷ್ಟಕಾಲದಲ್ಲಿ ಆಸರೆಯಾದವನು ಮನೆತನದ ಬೆನ್ನೆಲುಬೆನಿಸುತ್ತಾನೆ. ಸಾಲದ ಹೊರೆಗೆ ಸಿಕ್ಕಿದವನ ಸೊಂಟ ಮುರಿಯುತ್ತದೆ. ಕನ್ನಡದ ಆಡುಮಾತು ಮನುಷ್ಯನ ಬಲಾಬಲಗಳನ್ನು ಅವನ ನಡುವಿನಲ್ಲಿಯೇ ಗುರುತಿಸಿದೆ. ಆದರೆ ಆ ನಡು ಸುಸ್ಥಿತಿಯಲ್ಲಿರುವಷ್ಟು ಕಾಲ ಅದರ ನೆನಪು ಯಾರಿಗೂ ಬಾರದು. ನೀರಿನ ಬಕೆಟ್ಟನ್ನೆತ್ತಲು ಬಾಗಿದ ಗೃಹಿಣಿ ಮತ್ತೆ ನೆಟ್ಟಗಾಗಲಾರದೆ ಗೋಡೆ ಹಿಡಿದು ನಿಂತಾಗ, ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತ ಗುಮಾಸ್ತ ಕುರ್ಚಿ ಬಿಟ್ಟೇಳುವಾಗ 'ಅಮ್ಮಾ' ಎಂದು ನರಳಿದಾಗ, ಅಲ್ಲಿಯವರೆಗೆ ಮೂಕವಾಗಿ ದುಡಿದ ಈ ಅಂಗದ ಬೆಲೆ ಮನೆಮಂದಿಗೆಲ್ಲ ತಿಳಿಯುತ್ತದೆ.

ಇದು ಒಬ್ಬಿಬ್ಬರ ಗೋಳಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61 ಕೋಟಿ 90 ಲಕ್ಷ ಜನ ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರೆಂದು ತಜ್ಞರ ಅಂದಾಜು. 2050ರ ಹೊತ್ತಿಗೆ ಈ ಸಂಖ್ಯೆ 84 ಕೋಟಿಯನ್ನು ದಾಟಬಹುದೆಂದು ಅವರು ಎಣಿಸಿದ್ದಾರೆ. ಪ್ರಾಣ ತೆಗೆಯುವ ವ್ಯಾಧಿ ಇದಲ್ಲವಾದರೂ, ದುಡಿಯುವ ಕೈಗಳನ್ನು ಕಟ್ಟಿಹಾಕುವುದರಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಮಗುವನ್ನೆತ್ತಿಕೊಳ್ಳಲಾರದ ತಾಯಿ, ಬಸ್ಸಿನ ಪ್ರಯಾಣಕ್ಕೆ ಹೆದರಿ ರಜೆಯ ಮೇಲೆ ರಜೆ ಹಾಕುವ ನೌಕರ ಇವರ ಸಂಕಟ ಹೊರಗಿನವರ ಕಣ್ಣಿಗೆ ಕಾಣದು. ಗಾಯವಿಲ್ಲ, ಜ್ವರವಿಲ್ಲ, ಹೀಗಾಗಿ 'ಸೋಮಾರಿತನ' ಎಂಬ ಕುಹಕದ ಮಾತನ್ನೂ ಅವರು ಕೇಳಬೇಕಾಗುತ್ತದೆ.

ಚಪ್ಪರದ ನಡುಗಂಬ

ಬೆನ್ನೆಲುಬು ಒಂದೇ ಎಲುಬಲ್ಲ. ಒಂದರ ಮೇಲೊಂದು ಪೇರಿಸಿದ, ಬಿಡಿಬಿಡಿಯಾದ 24 ಕಶೇರುಗಳು, ಅವುಗಳ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದೆಲುಬು ಸೇರಿ ಈ ಕಂಬವಾಗಿದೆ. ಬಿಡಿ ಕಶೇರುಗಳ ಪೈಕಿ ಕೆಳಗಿನ 5 ಸೊಂಟದವು. ಮೇಲ್ಮೈಯ ಭಾರವೆಲ್ಲ ಇವುಗಳ ಪಾಲಿಗೆ. ಕಶೇರುಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ವೈದ್ಯರು ಇವನ್ನು 'ಡಿಸ್ಕ್' ಎನ್ನುತ್ತಾರೆ. ಪ್ರಾಯಕ್ಕೆ ಬಂದವರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಒತ್ತಿದಾಗ ನೀರನ್ನು ಹೊರಬಿಟ್ಟು, ಸಡಿಲಿಸಿದಾಗ ಮತ್ತೆ ಹೀರಿಕೊಂಡು ಅವು ಬದುಕುತ್ತವೆ. ಹಗಲಿನ ಭಾರಕ್ಕೆ ಬಿಲ್ಲೆಗಳು ಕುಗ್ಗುವುದರಿಂದಲೇ ಮನುಷ್ಯ ಬೆಳಗಿಗಿಂತ ಸಂಜೆ ತುಸು ಕುಳ್ಳಗಿರುತ್ತಾನೆ! ಚಲನೆಯೇ ಬಿಲ್ಲೆಗೆ ಆಹಾರವೆಂದ ಮೇಲೆ, ಗಂಟೆಗಟ್ಟಲೆ ಅಲುಗಾಡದೆ ಕುಳಿತವನ ನಡು ದಣಿಯುವುದು ಸೋಜಿಗವಲ್ಲ.

1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು, ಹೊರಚಾಚಿದ ಡಿಸ್ಕು ನರವನ್ನೊತ್ತಿ ಕಾಲಿನವರೆಗೆ ನೋವನ್ನು ಹಬ್ಬಿಸಬಲ್ಲುದೆಂದು ತೋರಿಸಿಕೊಟ್ಟರು. ಅಂದಿನಿಂದ ಎಲ್ಲ ನಡುನೋವಿನ ಅಪರಾಧವನ್ನೂ ಡಿಸ್ಕಿನ ತಲೆಗೆ ಕಟ್ಟುವ ರೂಢಿ ಬೆಳೆಯಿತು. ನಿಜಸ್ಥಿತಿ ಬೇರೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿಯ ನೋವಿಗೆ ಇಂಥದೇ ಎಲುಬು, ಇಂಥದೇ ಡಿಸ್ಕು ಕಾರಣವೆಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುವುದಿಲ್ಲ. ಚಪ್ಪರದ ನಡುಗಂಬ ನೆಟ್ಟಗೆ ನಿಲ್ಲಬೇಕಾದರೆ ಸುತ್ತಲಿನ ಹಗ್ಗಗಳ ಬಿಗಿ ಸಮವಾಗಿರಬೇಕು. ಬೆನ್ನಿನ, ಹೊಟ್ಟೆಯ, ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳೇ ಈ ಹಗ್ಗಗಳು. ಒಂದು ಸಡಿಲಾಗಿ ಇನ್ನೊಂದು ಬಿಗಿದರೆ ಕಂಬಕ್ಕೆ ಆಯಾಸ ತಪ್ಪಿದ್ದಲ್ಲ.

ಹಿಂದೆ ನಡುನೋವೆಂದೊಡನೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುತ್ತಿದ್ದರು. ಇಂದಿನ ವೈದ್ಯಶಾಸ್ತ್ರ ಈ ಮಾತನ್ನು ಕೈಬಿಟ್ಟಿದೆ. ದೀರ್ಘ ವಿಶ್ರಾಂತಿಯಿಂದ ಸ್ನಾಯುಗಳು ಸೊರಗಿ ರೋಗ ಬಲಿಯುತ್ತದೆ. 'ಬಾಗಿದರೆ ಎಲ್ಲಿ ನೋವಾದೀತೋ' ಎಂಬ ಅಂಜಿಕೆ ಬೇರೂರಿದರಂತೂ ನೋವಿಗಿಂತ ಅಂಜಿಕೆಯೇ ದೊಡ್ಡ ಕಾಯಿಲೆಯಾಗುತ್ತದೆ. ಯೋಗಾಸನದ ಉಪಯೋಗ ಇಲ್ಲಿಯೇ. ಉಸಿರಿನೊಡನೆ ನಿಧಾನವಾಗಿ ಚಲಿಸುತ್ತ, ಅಂಜಿದ ಶರೀರಕ್ಕೆ ಅದು ಮತ್ತೆ ಧೈರ್ಯ ಕಲಿಸುತ್ತದೆ.

ಮೈಸೂರಿನ ಶಾಲೆ, ಪುಣೆಯ ಹಗ್ಗ

ಈ ವಿದ್ಯೆಯ ಇಂದಿನ ರೂಪಕ್ಕೆ ಕನ್ನಡ ನಾಡಿನ ಋಣ ದೊಡ್ಡದು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆ ನಡೆಸಿದರು. 1934ರಲ್ಲಿ ಹೊರಬಂದ ಅವರ 'ಯೋಗ ಮಕರಂದ' ಕನ್ನಡದಲ್ಲಿಯೇ ರಚಿತವಾದ ಗ್ರಂಥ. ವಯಸ್ಸು, ಶಕ್ತಿ, ಕಸುಬುಗಳನ್ನು ನೋಡಿ ವ್ಯಕ್ತಿಗೆ ತಕ್ಕಂತೆ ಸಾಧನೆಯನ್ನು ಮಾರ್ಪಡಿಸಬೇಕೆಂಬುದು ಅವರ ಬೋಧನೆಯ ತಿರುಳು.

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯಗಳಿಂದ ನರಳಿದವರು. 1934ರಲ್ಲಿ ಮೈಸೂರಿಗೆ ಬಂದು ಕೃಷ್ಣಮಾಚಾರ್ಯರ ಬಳಿ ಆಸನ ಕಲಿತರು. ಕೃಷ್ಣಮಾಚಾರ್ಯರು ಅವರ ಅಕ್ಕನ ಪತಿ. 1937ರಲ್ಲಿ ಅವರು ಪುಣೆಗೆ ತೆರಳಿದರು. ಎಲ್ಲರ ಮೈಯೂ ಒಂದೇ ತೆರನಾಗಿ ಬಾಗದೆಂಬುದನ್ನು ಅಲ್ಲಿ ಕಂಡುಕೊಂಡು ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕಂಬಳಿ, ಕುರ್ಚಿಗಳ ಆಸರೆಯಿಂದ ಆಸನ ಮಾಡಿಸುವ ಕ್ರಮವನ್ನು ರೂಪಿಸಿದರು. ಕೈ ನೆಲವನ್ನು ಮುಟ್ಟದಿದ್ದರೆ ನೆಲವನ್ನೇ ಇಟ್ಟಿಗೆಯ ರೂಪದಲ್ಲಿ ಕೈಯ ಬಳಿಗೆ ತಂದರು! 1979ರಲ್ಲಿ ಸ್ಕೂಟರ್ ಅಪಘಾತಕ್ಕೆ ಸಿಲುಕಿ ಅವರ ಬೆನ್ನಿಗೂ ಪೆಟ್ಟಾದಾಗ, ಅರವತ್ತರ ಆ ಆಚಾರ್ಯರು ಮತ್ತೆ ಮೊದಲಿನಿಂದ ಸಾಧನೆ ಮಾಡಬೇಕಾಯಿತು. 2014ರಲ್ಲಿ, ತೊಂಬತ್ತೈದು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಪರೀಕ್ಷೆಯ ಒರೆಗಲ್ಲು

ಕೊಂಡಾಡುವವರ ಮಾತಿನಿಂದಷ್ಟೇ ಔಷಧಿಯ ಗುಣ ಸಿದ್ಧವಾಗದು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು 80 ರೋಗಿಗಳನ್ನು ಎರಡು ತಂಡವಾಗಿಸಿ, ಒಂದು ವಾರ ತಮ್ಮಲ್ಲಿಯೇ ಇರಿಸಿಕೊಂಡು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬರಿಯ ವ್ಯಾಯಾಮ ಮಾಡಿದವರಿಗಿಂತ ಯೋಗಸಾಧಕರ ತೊಡಕು ಹೆಚ್ಚು ಇಳಿದಿತ್ತು. ಬೆನ್ನಿನ ಬಾಗುವಿಕೆಯೂ ಹೆಚ್ಚು ಸುಧಾರಿಸಿತ್ತು.

ಆದರೆ 2011ರಲ್ಲಿ ಅಮೆರಿಕದಲ್ಲಿ 228 ಮಂದಿಯ ಮೇಲೆ ನಡೆದ ಪರೀಕ್ಷೆಯ ಮಾತು ಸ್ವಲ್ಪ ಬೇರೆ. ಅಲ್ಲಿ ಬಳಸಿದುದು ಕೃಷ್ಣಮಾಚಾರ್ಯರ ಪುತ್ರ ದೇಶಿಕಾಚಾರ್ಯರ ಮೂಲಕ ಹಬ್ಬಿದ 'ವಿನಿಯೋಗ' ಪದ್ಧತಿ. ನೋವಿನ ಬಗೆಗೆ ಪುಸ್ತಕ ಓದಿಕೊಂಡವರಿಗಿಂತ ಯೋಗ ಮಾಡಿದವರು ಚೇತರಿಸಿಕೊಂಡರು. ಆದರೆ ಸ್ನಾಯುಗಳನ್ನು ಸೆಳೆಯುವ ಸಾಧಾರಣ ವ್ಯಾಯಾಮ ಮಾಡಿದವರಿಗೂ ಅಷ್ಟೇ ಗುಣ ದೊರೆಯಿತು. 2017ರಲ್ಲಿ 320 ಮಂದಿಯನ್ನೊಳಗೊಂಡ ಇನ್ನೊಂದು ಪರೀಕ್ಷೆಯಲ್ಲಿ ಯೋಗವು ಫಿಸಿಯೋಥೆರಪಿಗೆ ಸರಿಸಮನಾಗಿ ನಿಂತಿತು. ಅದೇ ವರ್ಷ ಅಮೆರಿಕದ ವೈದ್ಯರ ಸಂಸ್ಥೆಯೊಂದು, ದೀರ್ಘಕಾಲದ ನಡುನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸತಕ್ಕ ಉಪಾಯಗಳಲ್ಲಿ ಯೋಗವನ್ನೂ ಸೇರಿಸಿತು. ಯೋಗ ಪವಾಡವಲ್ಲ, ನಂಬಬಹುದಾದ ಒಂದು ಸಾಧನ. ಕೆಲವರಿಗೆ ಅದರಿಂದಲೇ ನೋವು ಹೆಚ್ಚುವುದೂ ಉಂಟು. ಇವಿಷ್ಟು ಈ ಪರೀಕ್ಷೆಗಳಿಂದ ತಿಳಿದುಬರುವ ಸಂಗತಿ.

ಆಸನಗಳ ಆಯ್ಕೆ

ನೋವು ಹೊಸದಾಗಿ ಕೆರಳಿರುವಾಗ ಆಸನಕ್ಕೆ ಕೈಹಾಕುವುದು ತರವಲ್ಲ. ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿರಿಸಿ, ನಿಡಿದಾಗಿ ಉಸಿರಾಡುತ್ತ ಹತ್ತು ನಿಮಿಷವಿದ್ದರೆ ನಡುವಿಗೆ ಹಾಯೆನಿಸುತ್ತದೆ. ಆಗಲೂ ಮನೆಯೊಳಗೆ ಮೆಲ್ಲಗೆ ಓಡಾಡುತ್ತಿರಬೇಕು.

ನೋವು ಇಳಿದ ಮೇಲೆ ಮಾರ್ಜಾಲಾಸನದಿಂದ ಪ್ರಾರಂಭಿಸುವುದು ಒಳ್ಳೆಯದು. ಅಂಗೈ, ಮೊಣಕಾಲುಗಳನ್ನು ಊರಿ, ಉಸಿರು ಬಿಡುತ್ತ ಬೆಕ್ಕಿನಂತೆ ಬೆನ್ನನ್ನು ಮೇಲಕ್ಕೆ ಬಾಗಿಸಿ, ಉಸಿರೆಳೆಯುತ್ತ ಕೆಳಕ್ಕಿಳಿಸಬೇಕು. ಅನಂತರ ಮೊಣಕಾಲನ್ನು ಒಂದೊಂದಾಗಿ ಎದೆಗೆ ತರುವ ಪವನಮುಕ್ತಾಸನ. ಸೇತುಬಂಧಾಸನದಲ್ಲಿ ಮೊಣಕಾಲು ಮಡಿಸಿ ಮಲಗಿ ಸೊಂಟವನ್ನು ಮೇಲೆತ್ತುವುದರಿಂದ ಪೃಷ್ಠದ ಸ್ನಾಯುಗಳು ಬಲಿಯುತ್ತವೆ. ಭುಜಂಗಾಸನದಲ್ಲಿ ಕೈಗಳ ಬಲದಿಂದ ಮೈಯನ್ನು ತಳ್ಳದೆ, ಎದೆಯನ್ನು ಸ್ವಲ್ಪವೇ ಎತ್ತಿದರೂ ಸಾಕು. ಪ್ರತಿಯೊಂದನ್ನೂ ಐದಾರು ಉಸಿರಿನ ಕಾಲ ಮಾಡಿ, ಕೊನೆಗೆ ಶವಾಸನದಲ್ಲಿ ವಿಶ್ರಮಿಸಬೇಕು. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದು ಪತಂಜಲಿ ಮಹರ್ಷಿಯೇ ವಿಧಿಸಿರುವಾಗ ಹಲ್ಲು ಕಚ್ಚಿ ಬಾಗುವುದು ಯೋಗವೆನಿಸದು.

ಮೊಣಕಾಲನ್ನು ನೆಟ್ಟಗಿರಿಸಿ ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಾಗೆಯೇ ಹಲಾಸನ ಮತ್ತು ರಭಸದಿಂದ ಮೈ ತಿರುಚುವ ಆಸನಗಳು ಡಿಸ್ಕಿನ ತೊಂದರೆಯುಳ್ಳವರಿಗೆ ಅಪಾಯಕರ. ಎಲುಬು ಸವೆದ ವೃದ್ಧರೂ ಗರ್ಭಿಣಿಯರೂ ವೈದ್ಯರ ಅಪ್ಪಣೆಯಿಲ್ಲದೆ, ಬಲ್ಲ ಗುರುವಿಲ್ಲದೆ ಯಾವುದನ್ನೂ ಆರಂಭಿಸಬಾರದು.

ಕಾಲಿನ ಶಕ್ತಿ ಕುಂದುವುದು, ತೊಡೆಸಂದಿ ಜೋಮುಗಟ್ಟುವುದು, ಮಲಮೂತ್ರಗಳ ಹಿಡಿತ ತಪ್ಪುವುದು ಕಂಡುಬಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಧಾವಿಸಬೇಕು. ತಡವಾದರೆ ನರಗಳು ಶಾಶ್ವತವಾಗಿ ಕೆಡಬಹುದು. ನೋವಿನೊಡನೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಪೆಟ್ಟು ಇವುಗಳಿದ್ದರೂ ವೈದ್ಯರನ್ನು ಕಾಣುವುದೇ ಮೊದಲ ಕರ್ತವ್ಯ.

ಬರುವ ಮುನ್ನವೇ

ಬೆಳಗಿನ ಕಾಲು ಗಂಟೆಯ ಸಾಧನೆಯನ್ನು ದಿನದ ಉಳಿದ ಹೊತ್ತಿನ ದುರಭ್ಯಾಸ ಕೊಚ್ಚಿಹಾಕಬಾರದು. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೆದ್ದು ನಾಲ್ಕು ಹೆಜ್ಜೆ ಹಾಕಬೇಕು. ಭಾರವನ್ನೆತ್ತುವಾಗ ಮೊಣಕಾಲು ಮಡಿಸಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ತುಂಬಿದ ಕೊಡವನ್ನು ಸೊಂಟದ ಒಂದೇ ಮಗ್ಗುಲಿಗೆ ಹೊರುವುದಕ್ಕಿಂತ ಎರಡು ಕೈಗೆ ಎರಡು ಚಿಕ್ಕ ಬಿಂದಿಗೆ ಲೇಸು.

ಆಸನಕ್ಕೆ ಬೇಕಾದುದು ಒಂದು ಚಾಪೆ ಅಥವಾ ಜಮಖಾನ, ಮತ್ತು ಗಾಳಿಯಾಡುವ ಒಂದು ಮೂಲೆ. ಮೂರು ದಿನ ಉತ್ಸಾಹದಿಂದ ಮಾಡಿ ನಾಲ್ಕನೆಯ ದಿನ ಬಿಡುವವರಿಗೆ ಇದು ಒಲಿಯದು. ಪರೀಕ್ಷೆಗಳಲ್ಲಿ ಗುಣ ಕಂಡವರೂ ಅನೇಕ ಕಡೆ ಹನ್ನೆರಡು ವಾರ ಅಭ್ಯಾಸ ಮಾಡಿದವರು. ನೋವು ಹೋದ ಮೇಲೆ ಚಾಪೆಯನ್ನು ಸುತ್ತಿ ಅಟ್ಟಕ್ಕೇರಿಸದೆ ಇರುವವರಿಗೆ ಅದು ಮರಳುವ ಭಯ ಕಡಿಮೆ.