ಏರಿನಲ್ಲಿ ಉಸಿರು ಕಟ್ಟುವ ಹಳೆಯ ಪಿಕಪ್

ಅರೇಬಿಕಾ ಕೊಯ್ಲಿನ ಕಾಲದಲ್ಲಿ ಪಿಕಪ್ ಕೆಟ್ಟು ನಿಂತರೆ ನಷ್ಟ ರಿಪೇರಿ ಖರ್ಚಿಗೇ ಮುಗಿಯುವುದಿಲ್ಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು. ಮೂಟೆಯಲ್ಲೇ ರಾತ್ರಿ ಕಳೆದರೆ ಬಿಸಿಯೇರಿ, ಹುಳಿತು, ಕಾಫಿಯ ಗುಣವೇ ಕೆಡುತ್ತದೆ.

ಕಳೆದ ಕೊಯ್ಲಿನಲ್ಲಿ ಈ ಲೇಖಕನಿಗೆ ಆದದ್ದೂ ಅದೇ. ಹನ್ನೆರಡು ಮೂಟೆ ಹಣ್ಣು ಹೇರಿಕೊಂಡು ಕೆಳಗಿನ ತೋಟದಿಂದ ಬರುವಾಗ ಏರಿನಲ್ಲಿ ಎಂಜಿನ್ ಉಸಿರು ಕಟ್ಟಿದಂತಾಗಿ ನಿಂತಿತು. ಮರುದಿನ ಗ್ಯಾರೇಜೊಂದರಲ್ಲಿ ಪಂಪು, ನಾಝಲ್ ಎರಡನ್ನೂ ಬಿಚ್ಚಿ ಸರ್ವಿಸ್ ಮಾಡಿಸಿದ್ದಾಯಿತು. ವಾರದೊಳಗೆ ಅದೇ ಏರಿನಲ್ಲಿ ಮತ್ತೆ ನಿಂತಿತು. ಕೊನೆಗೆ ಸಿಕ್ಕ ಕಾರಣ, ಟ್ಯಾಂಕಿನ ಬಳಿ ಬಿರುಕು ಬಿಟ್ಟ ಗೇಣುದ್ದದ ರಬ್ಬರ್ ಪೈಪು!

ಹಳೆಯ ಡೀಸೆಲ್ ಗಾಡಿಯಲ್ಲಿ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಹೀರಿಕೊಳ್ಳಲಾಗುತ್ತದೆ. ಈ ಭಾಗದಲ್ಲಿ ಪೈಪು ಸೀಳಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಸೇರಬಹುದು. ಹೊರಗೆ ಒದ್ದೆ ಕಾಣದ ಕಾರಣ ನಾವು ಮೋಸ ಹೋಗುತ್ತೇವೆ.

ಬೆಳೆಗಾರರು ಮೊದಲು ಹೊಗೆ ನೋಡಬೇಕು. ಭಾರ ಎಳೆಯಲಾಗದೆ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಬರುತ್ತಿದೆ ಎಂದೇ ಅರ್ಥ. ಏರ್ ಫಿಲ್ಟರ್ ಕಟ್ಟಿದೆಯೇ, ನಾಝಲ್ ಕೆಟ್ಟಿದೆಯೇ ಎಂದು ನೋಡಿ. ಹೊಗೆಯಿಲ್ಲದೆ ಶಕ್ತಿ ಕುಗ್ಗಿದರೆ ಡೀಸೆಲ್ ಸಾಲುತ್ತಿಲ್ಲ. ಆಗ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ.

ಮೊದಲನೆಯದು, ಟ್ಯಾಂಕಿನ ಮುಚ್ಚಳ. ಎಂಜಿನ್ ನಿಂತೊಡನೆ ಮುಚ್ಚಳ ಸಡಿಲಿಸಿದಾಗ ಸುಯ್ಯೆಂದು ಗಾಳಿ ಒಳನುಗ್ಗಿದರೆ ಗಾಳಿಕಿಂಡಿ ಕಟ್ಟಿದೆ.

ಎರಡನೆಯದು, ಫಿಲ್ಟರ್. ಕೆಳಗಿನ ತಿರುಪಿನಿಂದ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಇಳಿಸಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಮೂರನೆಯದು, ಪೈಪು. ಫೀಡ್ ಪಂಪಿಗೆ ಮೊದಲು ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿ. ಗುಳ್ಳೆ ಕಂಡರೆ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಬಳಿಕ ಗಾಡಿ ನಿಲ್ಲಿಸಿಯೇ, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ಹೊಸ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಕೊಟ್ಟು ಎಂಜಿನ್ ಓಡಿಸಿ. ಗುಳ್ಳೆ ನಿಂತು ಎಂಜಿನ್ ಸರಾಗವಾಗಿ ಏರುದನಿ ಹಿಡಿದರೆ ದೋಷ ಟ್ಯಾಂಕಿನಲ್ಲೋ ಪೈಪಿನಲ್ಲೋ ಇದೆ. ದುಬಾರಿ ಪಂಪನ್ನು ಬಿಚ್ಚಿಸಬೇಡಿ.

ಪೈಪು ಅಥವಾ ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯಲೇಬೇಕು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ. ನೊರೆ ನಿಂತು ಬರೀ ಡೀಸೆಲ್ ಹರಿಯುವಾಗಲೇ ಸ್ಕ್ರೂ ಬಿಗಿಯಿರಿ. ನಂತರ ದೊಡ್ಡ ಪಂಪಿನ ಏರ್ ಸ್ಕ್ರೂವಿಗೂ ಇದೇ ಕ್ರಮ. ತಾಮ್ರದ ವಾಷರ್ ಸವೆದಿದ್ದರೆ ಹೊಸದು ಹಾಕಿ. ಬೀಡಿ, ಬೆಂಕಿ ದೂರವಿರಲಿ. ನಾಝಲ್ ಪೈಪು ಸೋರುತ್ತಿದ್ದರೆ ಕೈಯಿಂದ ಮುಟ್ಟಿ ಹುಡುಕಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಕಾಮನ್ ರೈಲ್ ಎಂಜಿನ್ನಿನ ಹೊಸ ಗಾಡಿಗಳಿಗೆ ಈ ಕ್ರಮ ಸಲ್ಲದು. ಅವನ್ನು ತಿಳಿದವರಿಗೇ ಒಪ್ಪಿಸಿ.

ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ನೀರಾಗಿ ಇಳಿಯುತ್ತದೆ. ಆದ್ದರಿಂದ ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ಬ್ಯಾರೆಲ್ಲಿನಿಂದ ತುಂಬುವವರು ಅದನ್ನು ಅಲುಗಿಸದೆ ಮೇಲಿನ ಡೀಸೆಲ್ಲನ್ನೇ ತೆಗೆದು, ಸಣ್ಣ ಜರಡಿಯ ಆಲಿಕೆಯಲ್ಲಿ ಹಾಕಲಿ. ಹಳೇ ಬಟ್ಟೆಯಲ್ಲಿ ಸೋಸಿದರೆ ನೂಲಿನ ಎಳೆ ಒಳಸೇರುತ್ತದೆ.

ಕೊಯ್ಲಿಗೆ ಮುಂಚೆ ಒಂದು ಮಧ್ಯಾಹ್ನವನ್ನು ಈ ಕೆಲಸಕ್ಕೆ ಕೊಡಿ. ಸೀಟಿನಡಿ ಒಂದು ಫಿಲ್ಟರ್, ಒಂದು ಮಾರು ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಸ್ಪ್ಯಾನರ್ ಇರಲಿ. ಅವು ನನ್ನಲ್ಲಿ ಅಂದು ಇದ್ದಿದ್ದರೆ ಹನ್ನೆರಡು ಮೂಟೆ ಹಣ್ಣು ಉಳಿಯುತ್ತಿತ್ತು.