ಮುಳ್ಳು ತೋರಿಸುವ ವೇಗ, ಗಾಡಿ ಓಡುವ ವೇಗ

ಷೆವ್ರೊಲೆ ಕಂಪನಿಯ ಹಳೆಯ ಸಿ10 ಪಿಕಪ್ ಟ್ರಕ್ಕುಗಳಿಗೆ ಅಮೆರಿಕದಲ್ಲಿ ಇಂದಿಗೂ ಅಭಿಮಾನಿಗಳಿದ್ದಾರೆ. ಗಾಡಿ ಕೈಗೆ ಬಂದ ಕೂಡಲೇ ಹಲವರು ಎತ್ತರದ ಟೈರ್ ಹಾಕಿಸುತ್ತಾರೆ. ಆಮೇಲೆ ಸ್ಪೀಡೋಮೀಟರಿನ ಲೆಕ್ಕ ತಪ್ಪುತ್ತದೆ: ಮುಳ್ಳು ಗಂಟೆಗೆ 60 ಮೈಲಿಯ ಮೇಲೆ ನಿಂತಿದ್ದರೂ ಗಾಡಿ 63ರಲ್ಲಿ ಓಡುತ್ತಿರುತ್ತದೆ. ಮೀಟರ್ ಕೆಟ್ಟಿತೆಂದು ಡ್ಯಾಶ್‌ಬೋರ್ಡ್ ಬಿಚ್ಚುವವರೇ ಹೆಚ್ಚು. ಆದರೆ ಎಷ್ಟೋ ಸಲ ಮೀಟರ್ ಸರಿಯಾಗಿಯೇ ಇರುತ್ತದೆ.

ಇಂಥ ಮೀಟರಿಗೆ ರಸ್ತೆಯ ಸುದ್ದಿಯೇ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಎಷ್ಟು ಜೋರಾಗಿ ಸುತ್ತುತ್ತಿದೆ ಎಂಬುದಷ್ಟೆ. ಕೇಬಲ್ಲಿನ ತುದಿಯಲ್ಲಿ ಒಂದು ಅಯಸ್ಕಾಂತ, ಅದನ್ನು ಮುಟ್ಟದಂತೆ ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲನ್ನೂ ಅದೇ ದಿಕ್ಕಿಗೆ ಎಳೆಯುತ್ತದೆ. ಕೂದಲೆಳೆಯ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಎಳೆತ, ತಡೆ ಎರಡೂ ಸಮವಾದ ಕಡೆ ಬಟ್ಟಲಿಗೆ ಅಂಟಿದ ಮುಳ್ಳು ನಿಲ್ಲುತ್ತದೆ. ಸ್ಟ್ರಾಸ್‌ಬರ್ಗಿನ ಒಟ್ಟೊ ಷುಲ್ಟ್ಸೆ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಅದೇ ಕೇಬಲ್ ಓಡೋಮೀಟರನ್ನೂ ತಿರುಗಿಸುತ್ತದೆ. ಆದರೆ ಅಲ್ಲಿ ಅಯಸ್ಕಾಂತವಿಲ್ಲ, ಸ್ಪ್ರಿಂಗೂ ಇಲ್ಲ. ಹಲ್ಲಿಗೆ ಹಲ್ಲು ಕೂಡಿದ ಗೇರುಗಳು ಸುತ್ತುಗಳನ್ನು ಎಣಿಸುತ್ತವೆ, ಅಷ್ಟೆ. ದೋಷ ಎಲ್ಲಿದೆಯೆಂದು ಪತ್ತೆಹಚ್ಚಲು ಈ ವ್ಯತ್ಯಾಸವೇ ಸಾಕು. ಹೆದ್ದಾರಿಯ ಮೈಲಿ ಫಲಕಗಳ ನಡುವೆ ಮುಳ್ಳನ್ನು 60ರಲ್ಲೇ ಹಿಡಿದು ಓಡಿಸಿದರೆ, ಒಂದು ಮೈಲಿಗೆ ಸರಿಯಾಗಿ 60 ಸೆಕೆಂಡ್ ಹಿಡಿಯಬೇಕು. 57 ಸೆಕೆಂಡಿಗೇ ಮುಗಿದರೆ ನಿಜವಾದ ವೇಗ 63. ಹತ್ತು ಮೈಲಿ ಓಡಿದಾಗ ಓಡೋಮೀಟರ್ ಕೂಡ 9.5 ತೋರಿಸಿದರೆ, ತಪ್ಪು ಇರುವುದು ಟೈರ್ ಮತ್ತು ಗೇರಿನ ಲೆಕ್ಕದಲ್ಲಿ. ಓಡೋಮೀಟರ್ ಸರಿಯಾಗಿದ್ದು ಮುಳ್ಳು ಮಾತ್ರ ಕಡಿಮೆ ತೋರಿಸಿದರೆ ಅಯಸ್ಕಾಂತ ಸೊರಗಿರಬಹುದು. ಹೆಚ್ಚು ತೋರಿಸಿದರೆ ಒಳಗಿನ ಗ್ರೀಸ್ ಒಣಗಿ ಬಟ್ಟಲನ್ನು ಜಗ್ಗುತ್ತಿರಬಹುದು. ಮುಳ್ಳು ನಡುಗುತ್ತಿದ್ದರೆ ಮೊದಲು ಕೇಬಲ್ ನೋಡಬೇಕು: ಎಲ್ಲೋ ಮಡಿಚಿಕೊಂಡಿರುತ್ತದೆ, ಇಲ್ಲವೇ ಎಣ್ಣೆ ಆರಿರುತ್ತದೆ.

ಇನ್ನು ಗೇರಿನ ಲೆಕ್ಕ. ಅಮೆರಿಕದ ಇಂಥ ಗಾಡಿಗಳಲ್ಲಿ ಒಂದು ಮೈಲಿಗೆ ಕೇಬಲ್ 1000 ಸುತ್ತು ಸುತ್ತಬೇಕು. 31 ಇಂಚು ಎತ್ತರದ ಟೈರ್ ಮೈಲಿಗೆ ಸುಮಾರು 670 ಸುತ್ತು ಉರುಳುತ್ತದೆ. ಹಿಂದಿನ ಆಕ್ಸಲಿನ ಅನುಪಾತ 3.73 ಆದರೆ, ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಸುಮಾರು 2500 ಸುತ್ತು ತಿರುಗುತ್ತದೆ. ಶಾಫ್ಟಿನ ಮೇಲೆ 8 ಹಲ್ಲಿನ ಗೇರ್ ಇದ್ದರೆ, ಕೇಬಲ್ಲನ್ನು ತಿರುಗಿಸುವ ಗೇರಿಗೆ 20 ಹಲ್ಲು ಬೇಕು. ಚಿಕ್ಕ ಟೈರಿನ ಕಾಲದ 21 ಹಲ್ಲಿನದೇ ಅಲ್ಲಿ ಕೂತಿದ್ದರೆ ಕೇಬಲ್ಲಿಗೆ ಸಿಗುವುದು ಬರೀ 952 ಸುತ್ತು.

ಬದಲಿಸುವುದು ದೊಡ್ಡ ರಿಪೇರಿಯೇನಲ್ಲ. ಗೇರ್‌ಬಾಕ್ಸಿನ ಬಾಲದ ಹತ್ತಿರ ಕೇಬಲ್ ಕಳಚಿ, ಒಂದು ಬೋಲ್ಟ್ ತೆಗೆದರೆ ಸ್ಲೀವ್ ಸಮೇತ ಪ್ಲಾಸ್ಟಿಕ್ ಗೇರ್ ಹೊರಬರುತ್ತದೆ. ಕೆಳಗೊಂದು ಡಬ್ಬಿ ಇಟ್ಟಿರಬೇಕು, ಎಣ್ಣೆ ಸ್ವಲ್ಪ ಸೋರುತ್ತದೆ. ಹಲ್ಲಿನ ಸಂಖ್ಯೆಗೊಂದರಂತೆ ಬಣ್ಣ ಕೊಟ್ಟಿರುವುದರಿಂದ ಗುರುತಿಸುವುದೂ ಸುಲಭ. ಹೊಂದುವ ಗೇರ್ ಸಿಗದಿದ್ದರೆ ಕೇಬಲ್ಲಿನ ನಡುವೆ ಕೂರಿಸುವ ಪುಟ್ಟ ಅನುಪಾತ ಪೆಟ್ಟಿಗೆಗಳಿವೆ.

ಇಷ್ಟಾದರೂ ಮುಳ್ಳು ಕರಾರುವಾಕ್ಕಾಗಿ ನಿಲ್ಲುತ್ತದೆಂದು ನಿರೀಕ್ಷಿಸುವಂತಿಲ್ಲ. ಅರ್ಧ ಹಲ್ಲಿನ ಗೇರ್ ಇರುವುದಿಲ್ಲ. 20ರಲ್ಲಿ ಒಂದು ಹಲ್ಲು ಆಚೀಚೆಯಾದರೆ ಶೇ. 5ರಷ್ಟು ವ್ಯತ್ಯಾಸ. ಟೈರ್ ಸವೆದಂತೆ ಇನ್ನೂ ಒಂದೂವರೆ ಪ್ರತಿಶತ ಸರಿಯುತ್ತದೆ. ಹಾಗಾಗಿ ಲೆಕ್ಕ 20.5ಕ್ಕೆ ಬಂದರೆ 20 ಹಲ್ಲಿನದನ್ನೇ ಆರಿಸುವುದು ಜಾಣತನ. ಆಗ ಕೇಬಲ್ ತುಸು ಹೆಚ್ಚು ಸುತ್ತಿ, ಮುಳ್ಳು ನಿಜಕ್ಕಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಯುರೋಪಿನ ನಿಯಮವೂ ಇದನ್ನೇ ಹೇಳುತ್ತದೆ: ಸ್ಪೀಡೋಮೀಟರ್ ಹೆಚ್ಚು ತೋರಿಸಿದರೆ ಒಂದು ಮಿತಿಯವರೆಗೆ ಪರವಾಗಿಲ್ಲ, ನಿಜವಾದ ವೇಗಕ್ಕಿಂತ ಕಡಿಮೆ ಮಾತ್ರ ತೋರಿಸಕೂಡದು.